ಬಿಚ್ಚಮ್ಮ ಮತ್ತು ನೂರ ಇಪ್ಪತ್ತೆಂಟು ಬ್ಯಾಡ್ಜುಗಳು

ಬಿಚ್ಚಮ್ಮ ಲಿಫ್ಟಿನಲ್ಲಿ ಮೂರನೆಯ ಮಹಡಿಯಿಂದ ಕೆಳಗಿಳಿಯುವಷ್ಟರಲ್ಲಿ, ಪಕ್ಕದಲ್ಲಿ ನಿಂತಿದ್ದವನ ಮೈಮೇಲಿನ ಅಂಗಿಯಿಂದಲೇ ಕಂಪನಿಯ ಬ್ಯಾಡ್ಜನ್ನು ಬಿಚ್ಚಿ ತೆಗೆದರಂತೆ. ಅವನು ಕೆಲಸ ಬಿಟ್ಟು ಹೊರಟಿದ್ದ ಫಿಟ್ಟರ್, ಸಮವಸ್ತ್ರ ವಾಪಸು ಕೊಡದೆ ನುಣುಚಿಕೊಳ್ಳುವ ಹುನ್ನಾರದಲ್ಲಿದ್ದ. ಬಿಚ್ಚಮ್ಮ ಅವನ ಹಲ್ಲುನೋವಿನ ಬಗ್ಗೆ ವಿಚಾರಿಸಿದರಂತೆ. ಅವನು ದವಡೆ ಹಿಡಿದುಕೊಂಡು ವಿವರಿಸತೊಡಗಿದನಂತೆ. ಲಿಫ್ಟಿನ ಬಾಗಿಲು ತೆರೆದಾಗ ಕಥೆ ಇನ್ನೂ ಎರಡನೆಯ ಹಲ್ಲಿನಲ್ಲಿತ್ತು, ಬ್ಯಾಡ್ಜು ಮಾತ್ರ ಬಿಚ್ಚಮ್ಮನ ಮುಷ್ಟಿಯಲ್ಲಿತ್ತು. ಅಂಗಿಗೆ ಒಂದು ಗೀರಿಲ್ಲ, ದಾರ ಎಲ್ಲೂ ತುಂಡಾಗಿಲ್ಲ. ಅವನಿಗೆ ವಿಷಯ ತಿಳಿದದ್ದು ಮನೆಗೆ ಹೋಗಿ ಕನ್ನಡಿಯಲ್ಲಿ ಬಾಯಿ ತೆರೆದು ನೋಡಿಕೊಂಡಾಗ.

ಇದು ಮೂರು ಮಹಡಿಯಲ್ಲ, ಎರಡೇ ಎಂದು ವಾದಿಸುವವರಿದ್ದಾರೆ. ಐದು ಎನ್ನುವ ಭಕ್ತರೂ ಇದ್ದಾರೆ. ನಮ್ಮ ಕಚೇರಿಗೆ ಇರುವುದು ನೆಲಮಹಡಿ ಮತ್ತು ಅದರ ಮೇಲೊಂದು, ಲಿಫ್ಟ್ ಎಂಬುದು ಕಟ್ಟಡಕ್ಕೆ ಇಲ್ಲವೇ ಇಲ್ಲ ಎಂಬ ಸಣ್ಣಪುಟ್ಟ ತೊಡಕುಗಳು ಈ ಕಥೆಯ ಓಟಕ್ಕೆ ಎಂದೂ ಅಡ್ಡ ಬಂದದ್ದಿಲ್ಲ.

ನಮ್ಮದು ಮನೆಮನೆಗೆ ಅಡುಗೆ ಅನಿಲದ ಕೊಳವೆ ಹಾಕುವ, ಮೀಟರ್ ನೋಡುವ, ಸೋರಿದರೆ ಓಡುವ ಕಂಪನಿ. ಕಡುನೀಲಿ ಅಂಗಿ, ತೋಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ, ಎಡ ಜೇಬಿನ ಮೇಲೆ ಅಂಗೈಯಗಲದ ದುಂಡು ಬ್ಯಾಡ್ಜು, ಅದರೊಳಗೆ ಒಂದು ಹಳದಿ ಜ್ವಾಲೆ. ಈ ಬ್ಯಾಡ್ಜನ್ನು ಕಂಡರೆ ಊರಿನ ಯಾವ ಮನೆಯಲ್ಲೂ ಯಾರೂ "ಯಾರು ನೀವು" ಎಂದು ಕೇಳುವುದಿಲ್ಲ. ಬಾಗಿಲು ತೆರೆದು ಸೀದಾ ಅಡುಗೆಮನೆಗೆ ಕರೆದುಕೊಂಡು ಹೋಗುತ್ತಾರೆ. ಅಳಿಯನಿಗೂ ಸಿಗದ ಮರ್ಯಾದೆ ಅದು. ಆದ್ದರಿಂದಲೇ ಹಳೆಯದಾದ ಅಂಗಿ ಬ್ಯಾಡ್ಜಿನ ಸಮೇತ ಗುಜರಿಗೆ ಹೋಗಿ, ಅಲ್ಲಿಂದ ಯಾವನೋ ಕೈಚಳಕದವನ ಮೈಗೇರಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗದಂತೆ ಕಾಯುವ ಕೋಟೆಯೇ ನೆಲಮಹಡಿಯ ಸ್ಟೋರ್ ಕೋಣೆ. ಅದರ ರಾಣಿ ಬಿಚ್ಚಮ್ಮ. ಕೋಟೆ ಎಂದರೆ ಹತ್ತಡಿಗೆ ಹನ್ನೆರಡಡಿ, ಒಂದು ಕಿಟಕಿ, ಒಂದು ಹೊಲಿಗೆ ಯಂತ್ರ, ಗುಂಡಿಗಳ ಗಾಜಿನ ಭರಣಿಗಳು, ಮೂರು ಕಪಾಟು. ಆಯುಧವೆಂದರೆ ಅರ್ಧಕ್ಕೆ ಮುರಿದು, ಒಂದು ತುದಿಗೆ ಪಟ್ಟಿ ಸುತ್ತಿದ ಬ್ಲೇಡು. ಹಳೆಯ ಅಂಗಿ ಬಂದ ಕೂಡಲೇ ಬ್ಯಾಡ್ಜು ಬಿಚ್ಚಿ, ನಾಲ್ಕು ತುಂಡು ಮಾಡಿ, ಮುಚ್ಚಳಕ್ಕೆ ಬೀಗವಿದ್ದ ಡಬ್ಬಕ್ಕೆ ಹಾಕುತ್ತಿದ್ದರು. ಹೊಳೆಯುವ ಪಟ್ಟಿ ಬೇರೆ, ಗುಂಡಿ ಬೇರೆ, ಜಿಪ್ಪು ಬೇರೆ. ಚೆನ್ನಾಗಿರುವ ಬಟ್ಟೆ ಹಿಂದಿನ ಬೀದಿಯ ಹೊಲಿಗೆ ಹೆಂಗಸರಿಗೆ, ಅಲ್ಲಿ ಅದು ಚೀಲವೋ ದಿಂಬಿನ ಚೀಲವೋ ಆಗುತ್ತಿತ್ತು. ಮಂಡಿ ಸವೆದ ಪ್ಯಾಂಟು ಬಸ್ ಡಿಪೋದ ಗ್ರೀಸ್ ಒರೆಸಲು. ಹತ್ತೊಂಬತ್ತು ವರ್ಷಗಳಲ್ಲಿ ಆ ಕೋಣೆಯಿಂದ ಒಂದು ಜ್ವಾಲೆಯೂ ಹೊರಗೆ ಹಾರಿಲ್ಲ.

ಬಿಚ್ಚಮ್ಮ ಎಂಬ ಹೆಸರಿಟ್ಟವರು ಯಾರು ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ವಿದ್ವಾಂಸರೆಂದರೆ ಗ್ಯಾರೇಜಿನ ಹಿಂದೆ ಟೀ ಕುಡಿಯುವ ನಾವೇ. ಅಂತೂ ಹೆಸರು ನಿಂತಿತು. ಬೇರೆ ಕಡೆ ಜನ ಬಾಯಿ ಬಿಚ್ಚುತ್ತಾರೆ, ಕೈ ಬಿಚ್ಚುತ್ತಾರೆ, ಕೆಲವರು ಬಾಲವನ್ನೂ ಬಿಚ್ಚುತ್ತಾರೆ. ನಮ್ಮಲ್ಲಿ ಆ ಮಾತಿಗೆ ಒಂದೇ ಅರ್ಥ: ಹೊಲಿಗೆ ಬಿಡಿಸುವುದು. "ಆ ಶರ್ಟು ಬಿಚ್ಚಾಯ್ತಾ ಅಕ್ಕ?" ಎಂದರೆ ಯಾರೂ ನಾಚುವ ಪ್ರಮೇಯವಿಲ್ಲ. ಈ ಮಾತು ನೆನಪಿರಲಿ, ಮುಂದಿನ ಅನಾಹುತವೆಲ್ಲ ಇದರಿಂದಲೇ ಆದದ್ದು.

ಬಿಚ್ಚಮ್ಮನನ್ನು ಅಭ್ಯಾಸಬಲ ಮನೆಯವರೆಗೂ ಹಿಂಬಾಲಿಸಿತ್ತು. ಅವರು ಮಾತನಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಎಡ ಜೇಬು ನೋಡುತ್ತಾರೆ. ಬಟ್ಟೆ ಯಾವುದೇ ಇರಲಿ, ತಯಾರಕರ ಹೆಸರಿನ ಚೀಟಿ ಹೊಲಿದಿದ್ದರೆ ಬೆರಳು ತುರಿಸುತ್ತದೆ. ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರು ಈ ವಿಷಯದಲ್ಲಿ ಮೊದಲ ಹುತಾತ್ಮರು.

"ನನ್ನ ಬನಿಯನ್ ಕುತ್ತಿಗೆ ಹತ್ರ ಇದ್ದ ಚೀಟಿ ಎಲ್ಲಾ ಕಿತ್ತು ಹಾಕಿದಾಳೆ," ಎಂದು ಅವರು ಒಮ್ಮೆ ನಮ್ಮೆದುರು ದೂರು ಕೊಟ್ಟರು. "ಇಪ್ಪತ್ತು ವರ್ಷದಿಂದ ನನಗೆ ಹಿಂದೆ ಯಾವುದು ಮುಂದೆ ಯಾವುದು ಗೊತ್ತಾಗ್ತಿಲ್ಲ."

"ಚೀಟಿ ಇದ್ದಾಗಲೂ ನಿಮಗೆ ಗೊತ್ತಾಗ್ತಿರಲಿಲ್ಲ ರೀ," ಎಂದರು ಬಿಚ್ಚಮ್ಮ, ಯಜಮಾನರ ಜೇಬಿಗೆ.

ಹೀಗಿರುವಾಗ ಕಂಪನಿಗೆ ಬಣ್ಣ ಬದಲಿಸುವ ಹುಕಿ ಬಂತು. ನೀಲಿ ಹೋಗಿ ಬೂದು ಬರಬೇಕು, ದುಂಡು ಬ್ಯಾಡ್ಜು ಹೋಗಿ ಚೌಕದ್ದು ಬರಬೇಕು. ಜ್ವಾಲೆಯೂ ತೆಳ್ಳಗಾಗಬೇಕು, ಪಥ್ಯ ಮಾಡಿದವರಂತೆ. ಅರವತ್ತನಾಲ್ಕು ಜನ ಕೆಲಸದವರು, ತಲಾ ಎರಡು ಜೊತೆ. ಒಟ್ಟು ನೂರ ಇಪ್ಪತ್ತೆಂಟು ಅಂಗಿ ಒಂದೇ ಬಾರಿಗೆ ಮುದಿಯಾದವು.

ಈ ಕಾರ್ಯದ ಉಸ್ತುವಾರಿಗೆ ಬಂದವರು ಹೊಸ ಆಡಳಿತಾಧಿಕಾರಿ. ಅವರಿಗೆ ನಾವಿಟ್ಟ ಹೆಸರು ನಿಯಮ ಹದಿನಾಲ್ಕು. "ಕಂಪನಿಯ ಗುರುತುಳ್ಳ ಯಾವುದೇ ವಸ್ತು ಆವರಣದಿಂದ ಹೊರಹೋಗತಕ್ಕದ್ದಲ್ಲ" ಎಂಬುದು ಆ ನಿಯಮ. ಊಟದ ಡಬ್ಬಿ ತೆರೆಯುವ ಮೊದಲೂ ಅದನ್ನು ಒಮ್ಮೆ ಹೇಳಿಕೊಳ್ಳುವ ಮನುಷ್ಯ. ಕೆಟ್ಟವರಲ್ಲ. ಹಿಂದೆ ಬೇರೆ ಊರಿನ ಬೇರೊಂದು ಕಂಪನಿಯಲ್ಲಿದ್ದಾಗ, ಹಳೆಯ ಸಮವಸ್ತ್ರ ತೊಟ್ಟ ಕಳ್ಳನೊಬ್ಬ ಒಂಟಿ ಮುದುಕಿಯ ಮನೆಗೆ ನುಗ್ಗಿದ್ದನ್ನು ಕಂಡಿದ್ದರು. ಆ ಭಯ ಅವರನ್ನು ಬಿಟ್ಟಿರಲಿಲ್ಲ.

"ಎಲ್ಲಾ ಒಂದೇ ಲಾರಿಗೆ ಹಾಕಿ ಸಿಮೆಂಟ್ ಕಾರ್ಖಾನೆ ಕುಲುಮೆಗೆ ಕಳಿಸಿಬಿಡೋಣ," ಎಂದರು ಅವರು, ಕೋಣೆಯ ಬಾಗಿಲಲ್ಲಿ ನಿಂತು. "ಸುಟ್ಟಿದ್ದಕ್ಕೆ ಅವರೇ ಪತ್ರ ಕೊಡ್ತಾರೆ. ತಲೆನೋವಿಲ್ಲ."

"ಬಟ್ಟೆ ಏನು ತಪ್ಪು ಮಾಡಿದೆ ಸಾರ್?"

"ತಪ್ಪಿನ ಪ್ರಶ್ನೆ ಅಲ್ಲಮ್ಮ. ನಿಯಮ ಹದಿನಾಲ್ಕು."

"ಗುರುತು ಬಿಚ್ಚಿದ ಮೇಲೆ ಅದು ಬರೀ ಬಟ್ಟೆ ಸಾರ್. ಇನ್ನೂ ಹತ್ತು ವರ್ಷ ಬಾಳತ್ತೆ. ಈ ಅಂಗಿ ನೋಡಿ, ಕಾಲರ್ ಒಂದು ಬಿಟ್ರೆ ಮದುವೆ ಗಂಡಿನ ಹಾಗಿದೆ."

ನಿಯಮ ಹದಿನಾಲ್ಕು ಅಂಗಿ ನೋಡಿದರು, ಬಿಚ್ಚಮ್ಮ ಅವರ ಜೇಬು ನೋಡಿದರು. ಬಹಳ ಹೊತ್ತಿನ ಮೇಲೆ ಒಪ್ಪಂದವಾಯಿತು. ಮುಂದಿನ ವಾರ ಬಿಟ್ಟು ಅದರಾಚೆಯ ವಾರದ ಬುಧವಾರ ಲಾರಿ ಬರುತ್ತದೆ. ಅಷ್ಟರೊಳಗೆ ನೂರ ಇಪ್ಪತ್ತೆಂಟು ಬ್ಯಾಡ್ಜುಗಳನ್ನು ಬಿಡಿಯಾಗಿ ಮೇಜಿನ ಮೇಲಿಟ್ಟರೆ ಬಟ್ಟೆ ಬಿಚ್ಚಮ್ಮನ ಇಷ್ಟದಂತೆ ಹೋಗಬಹುದು. ಒಂದು ಕಡಿಮೆಯಾದರೂ ಬಟ್ಟೆಯೆಲ್ಲ ಕುಲುಮೆಗೆ, ಮುಂದೆಯೂ ಯಾವಾಗಲೂ ಕುಲುಮೆಗೆ. ಆಗ ಸ್ಟೋರ್ ಕೋಣೆಯ ಅಗತ್ಯವಿರುವುದಿಲ್ಲ. ಅದಕ್ಕೆ ಬೀಗ. ಬಿಚ್ಚಮ್ಮನಿಗೆ ಮೇಲಿನ ಮಹಡಿಯಲ್ಲಿ ಫೋನ್ ಎತ್ತುವ ಮೇಜು.

ಫೋನ್ ಮೇಜು ಎಂದಾಗ ಅವರ ಮುಖ ಬಿಳಿಚಿಕೊಂಡದ್ದನ್ನು ನಾವು ಕಂಡೆವು. ಹಿಂದೊಮ್ಮೆ ಆ ಮೇಜಿನವರು ರಜೆ ಹಾಕಿದಾಗ ಬಿಚ್ಚಮ್ಮ ಅರ್ಧ ದಿನ ಕುಳಿತಿದ್ದರು. ಜೇಬೇ ಇಲ್ಲದ ಧ್ವನಿಗಳ ಜೊತೆ ಹೇಗೆ ಮಾತಾಡುವುದು? ಎತ್ತಿದ ಪ್ರತಿ ಫೋನಿಗೂ "ಹಲೋ, ಇಲ್ಲ" ಎಂದು ಹೇಳಿ ಇಟ್ಟಿದ್ದರು. ಆ ಮಧ್ಯಾಹ್ನ ಊರಿನಲ್ಲಿ ಮೂರು ಕಡೆ ಅನಿಲ ಸೋರುತ್ತಿತ್ತು.

ನಿಯಮ ಹದಿನಾಲ್ಕು ಶುಕ್ರವಾರ ಸಂಜೆ ನೋಟಿಸ್ ಬೋರ್ಡಿಗೆ ಒಂದು ಹಾಳೆ ಹಚ್ಚಿದರು: "ಎಲ್ಲ ಸಿಬ್ಬಂದಿಯೂ ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ತಮ್ಮ ತಮ್ಮ ಹಳೆಯ ಸಮವಸ್ತ್ರಗಳನ್ನು ಬಿಚ್ಚಿ ಕೊಡತಕ್ಕದ್ದು."

ಬರೆದವರ ಮನಸ್ಸಿನಲ್ಲಿದ್ದದ್ದು ಮೈಯಿಂದ ಕಳಚಿ ಕೊಡುವುದು. ಲೋಕದ ಬೇರೆ ಯಾವ ಕಚೇರಿಯಲ್ಲಾದರೂ ಹಾಗೇ ಅರ್ಥವಾಗುತ್ತಿತ್ತು. ನಮ್ಮವರು ಮಾತ್ರ ಅದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪಾಪ, ಅಕ್ಕ ಒಬ್ಬರೇ ಎಷ್ಟು ಅಂತ ಬಿಚ್ತಾರೆ? ಕಣ್ಣು ಬೇರೆ ಸೋತಿದೆ. ಅದಕ್ಕೇ ನಾವೇ ಬಿಚ್ಚಿ ತರಬೇಕಂತೆ."

"ನ್ಯಾಯವಾದ ಮಾತು ಕಣೋ. ಬಿಚ್ಚೋದೇ ಆದ್ರೆ ಚೆನ್ನಾಗೇ ಬಿಚ್ಚೋಣ."

ಆ ಭಾನುವಾರ ಅರವತ್ತನಾಲ್ಕು ಮನೆಗಳಲ್ಲಿ ನಡೆದದ್ದು ಇತಿಹಾಸ. ಹೆಂಡತಿ, ಅತ್ತೆ, ಮಾವ, ನಾದಿನಿ, ಮೇಲಿನ ಮನೆಯವರು, ಎಲ್ಲರೂ ಚಾಪೆಯ ಮೇಲೆ ಸುತ್ತ ಕುಳಿತು ಬ್ಲೇಡು ಹಿಡಿದರು. ಬ್ಯಾಡ್ಜು ಬಿಚ್ಚಿದ ಮೇಲೂ ಉತ್ಸಾಹ ಉಳಿದಿತ್ತು. ಆದ್ದರಿಂದ ಜೇಬು ಬಿಚ್ಚಿದರು. ಜೇಬು ಹೋದ ಮೇಲೆ ಕಾಲರ್ ಒಂಟಿಯಾಗಿ ಕಂಡಿತು, ಅದನ್ನೂ ಬಿಚ್ಚಿದರು.

ಸೋಮವಾರ ಬೆಳಿಗ್ಗೆ ಬಿಚ್ಚಮ್ಮ ಬಾಗಿಲು ತೆರೆದರು. ಸಾಲಿನಲ್ಲಿ ಮೊದಲು ನಿಂತಿದ್ದ ಮೀಟರ್ ನೋಡುವವನು ಗಂಟನ್ನು ಮೇಜಿನ ಮೇಲೆ ಸುರಿದ.

"ಎಣಿಸಿಕೊಳ್ಳಿ ಅಕ್ಕ. ತೋಳು ನಾಲ್ಕು, ಬೆನ್ನು ಎರಡು, ಕಾಲರ್ ಎರಡು, ಜೇಬು ನಾಲ್ಕು."

"ಇದೇನೋ ಇದು, ಯಾರ ಜೊತೆ ಜಗಳ ಆಡಿದೆ?"

"ಬಿಚ್ಚಿ ಕೊಡಿ ಅಂದಿದ್ರಲ್ಲ. ನಮ್ಮತ್ತೆ ಕಾಜಾನೂ ಬಿಚ್ಚಕ್ಕೆ ಕೂತಿದ್ರು, ಅದು ಬರೀ ತೂತು ಅಂತ ನಾನೇ ತಡೆದೆ."

ಬಿಚ್ಚಮ್ಮ ಬೆನ್ನಿನ ತುಂಡನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದು ಎಳೆ ಹರಿದಿರಲಿಲ್ಲ. ಅವರ ಕಣ್ಣಲ್ಲಿ ಕುಶಲಕರ್ಮಿಯ ಮೆಚ್ಚುಗೆ ಮೂಡಿತು. ಆಮೇಲೆ ಮೇಜಿನ ಮೇಲೆಲ್ಲ ಕೈಯಾಡಿಸಿದರು. ಮೆಚ್ಚುಗೆ ಮಾಯವಾಯಿತು.

"ಬ್ಯಾಡ್ಜು ಎಲ್ಲಿ?"

"ಅದಾ? ಮನೇಲಿದೆ. ಅದನ್ನ ಬಿಚ್ಚಿದ್ದಾಯ್ತಲ್ಲ, ಇನ್ಯಾಕೆ?"

ಸಾಲಿನ ಉದ್ದಕ್ಕೂ ಅರವತ್ತನಾಲ್ಕು ತಲೆಗಳು ಹೌದು ಎಂದು ಅಲ್ಲಾಡಿದವು. ಹತ್ತೊಂಬತ್ತು ವರ್ಷ ಕೋಣೆಯ ಹೊಸ್ತಿಲು ದಾಟದ ಜ್ವಾಲೆಗಳು ಒಂದೇ ಭಾನುವಾರದಲ್ಲಿ ಊರೆಲ್ಲ ಹರಡಿದ್ದವು. ಕಾಯಬೇಕಾದದ್ದನ್ನು ಮನೆಯಲ್ಲಿ ಬಿಟ್ಟು, ಕಾಯಬೇಕಿಲ್ಲದ್ದನ್ನು ಹೊತ್ತು ತಂದಿದ್ದರು, ಪ್ರೀತಿಯಿಂದ.

ನಿಯಮ ಹದಿನಾಲ್ಕು ಬಂದರು. ತಾವೇ ಬರೆದ ನೋಟಿಸನ್ನು ಮೂರು ಸಲ ಓದಿದರು.

"ಬಿಚ್ಚಿ ಅಂದ್ರೆ ಬಿಚ್ಚಿ. ಇದರಲ್ಲಿ ಗೊಂದಲ ಏನಿದೆ?"

"ಏನೂ ಇಲ್ಲ ಸಾರ್. ಬಿಚ್ಚಿದೀವಿ," ಎಂದ ಮೀಟರಿನವನು.

ಆಡಳಿತಾಧಿಕಾರಿಗಳು ನಿಟ್ಟುಸಿರಿಟ್ಟು ಬಿಚ್ಚಮ್ಮನ ಕಡೆ ತಿರುಗಿದರು. "ನೋಡಿಮ್ಮ, ತಪ್ಪು ನನ್ನದೋ ಅವರದೋ, ಒಪ್ಪಂದ ಒಪ್ಪಂದವೇ. ಮುಂದಿನ ವಾರ ಬುಧವಾರ ಲಾರಿ ಬರತ್ತೆ. ಒಂದು ಕಡಿಮೆ ಇದ್ರೂ ನಾನು ಏನೂ ಮಾಡಕ್ಕಾಗಲ್ಲ. ಒಂದು ಸಾಕು, ಒಂದು ಮನೆಗೆ ನುಗ್ಗೋಕೆ."

ಅದು ಸುಳ್ಳಲ್ಲ ಎಂದು ಬಿಚ್ಚಮ್ಮನಿಗೂ ಗೊತ್ತಿತ್ತು. ಲಾರಿಗೆ ಒಂಬತ್ತು ದಿನ ಉಳಿದಿತ್ತು.

ಆ ಸಂಜೆ ಅವರು ಯಜಮಾನರ ಗಡಿಯಾರದ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಬಂದು ಕುಳಿತರು. ಯಜಮಾನರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ದುರ್ಬೀನಿನಲ್ಲೇ ಹೆಂಡತಿಯನ್ನು ನೋಡಿದರು.

"ಏನಾಯ್ತು, ಇವತ್ತು ಯಾರ ಚೀಟಿನೂ ಕೀಳಲಿಲ್ವಾ?"

"ಆ ಕೋಣೆ ಬಿಟ್ರೆ ನಂಗೆ ಬೇರೆ ಏನೂ ಬರಲ್ಲ ರೀ."

ಯಜಮಾನರು ಗೇಲಿ ನಿಲ್ಲಿಸಿದರು. ದುರ್ಬೀನು ತೆಗೆದು ಹೆಂಡತಿಯ ಕೈಯಲ್ಲಿಟ್ಟರು. "ತಗೊಂಡು ಹೋಗು. ಬ್ಯಾಡ್ಜಿನ ಅಂಚಲ್ಲಿ ಸೂಜಿ ತೂತಿರತ್ತೆ, ಜೇಬಲ್ಲೂ ಇರತ್ತೆ. ಎರಡೂ ಹೊಂದಿದ್ರೆ ಅದೇ ಬ್ಯಾಡ್ಜು. ಯಾರೂ ಬೇರೆ ಯಾವುದನ್ನೋ ಕೊಟ್ಟು ಯಾಮಾರಿಸಕ್ಕಾಗಲ್ಲ."

ಹೀಗೆ ಶಸ್ತ್ರಸಜ್ಜಿತರಾಗಿ, ಹೆಗಲ ಚೀಲದಲ್ಲಿ ಹೆಸರು ಬರೆದ ಜೇಬಿನ ತುಂಡುಗಳನ್ನು ತುಂಬಿಕೊಂಡು, ಬಿಚ್ಚಮ್ಮ ದಂಡಯಾತ್ರೆಗೆ ಹೊರಟರು. ಅವರ ರಣತಂತ್ರದ ಬಗ್ಗೆ ಗ್ಯಾರೇಜಿನ ಹಿಂದೆ ಘನಘೋರ ಚರ್ಚೆಯಾಯಿತು. ಊರನ್ನು ನಾಲ್ಕು ದಿಕ್ಕಿಗೆ ಸೀಳಿ, ಹೊರಗಿನಿಂದ ಒಳಕ್ಕೆ ಬಲೆ ಎಳೆಯುತ್ತಿದ್ದಾರೆ ಎಂದು ಒಬ್ಬ ಹೇಳಿದ. ಮೊದಲು ಅತ್ತೆಯರನ್ನು ಗೆದ್ದು ಸೊಸೆಯರನ್ನು ಶರಣಾಗಿಸುತ್ತಾರೆ ಎಂದ ಇನ್ನೊಬ್ಬ. ಅಂತೂ ಹೋದ ಮನೆಯಿಂದ ಅವರು ಬರಿಗೈಯಲ್ಲಿ ಮರಳುತ್ತಿರಲಿಲ್ಲ.

ಒಂದು ಬ್ಯಾಡ್ಜು ಫ್ರಿಜ್ಜಿನ ಬಾಗಿಲಿನ ಹರಿದ ರಬ್ಬರಿಗೆ ತೇಪೆಯಾಗಿತ್ತು. ಒಂದು ಅಲುಗಾಡುವ ಮೇಜಿನ ಕಾಲಡಿ ಮಡಚಿ ಕುಳಿತಿತ್ತು. ಒಂದು, ಮಾವನವರ ದಪ್ಪ ನಿಘಂಟಿನಲ್ಲಿ 'ಜ' ಅಕ್ಷರದ ಪುಟಕ್ಕೆ ಗುರುತಾಗಿತ್ತು. ಜ್ವಾಲೆ ಅಲ್ಲೇ ಇರಬೇಕಾದದ್ದು ನ್ಯಾಯ ಎಂಬುದು ಅವರ ವಾದ. ಒಬ್ಬಳು ಪುಟ್ಟ ಹುಡುಗಿ ಬೊಂಬೆಯ ಊಟದ ತಟ್ಟೆ ಮಾಡಿಕೊಂಡಿದ್ದಳು, ಎರಡು ಬೊಂಬೆಗಳಿದ್ದುದರಿಂದ ಕತ್ತರಿಸಿ ಎರಡು ಪಾಲು ಮಾಡಿದ್ದಳು. ಬಿಚ್ಚಮ್ಮ ಎರಡು ಹೊಸ ಗುಂಡಿ ಕೊಟ್ಟು ಎರಡೂ ಪಾಲನ್ನು ತಂದರು. ಇನ್ನೊಂದನ್ನು ಬೀದಿಯ ನಾಯಿಯ ಕೊರಳಪಟ್ಟಿಗೆ ಹೊಲಿದಿದ್ದರು. ಅಂದಿನಿಂದ ಅದು ಯಾರ ಅಡುಗೆಮನೆಗೆ ಹೋದರೂ ಓಡಿಸುತ್ತಿರಲಿಲ್ಲವಂತೆ. ನಾಯಿ ಮಾತ್ರ ಬಹಳ ಬೇಸರದಿಂದ ಪದವಿ ಬಿಟ್ಟುಕೊಟ್ಟಿತು.

ಮಂಗಳವಾರ ಬೆಳಿಗ್ಗೆಯ ಹೊತ್ತಿಗೆ ನೂರ ಇಪ್ಪತ್ತೇಳು. ಲಾರಿ ಮರುದಿನ.

ಉಳಿದದ್ದು ಏಣಿಯ ಬ್ಯಾಡ್ಜು. ಏಣಿ ಎಂದರೆ ನಮ್ಮ ಆರಡಿ ಮೂರಂಗುಲದ ಫಿಟ್ಟರ್. ಕೊಳವೆ ಸೂರಿಗೆ ತಾಗಿದ್ದರೂ ಅವನಿಗೆ ಬೇರೆ ಏಣಿ ಬೇಕಿಲ್ಲ. ಒಂದು ಬ್ಯಾಡ್ಜನ್ನು ಮೊದಲೇ ಕೊಟ್ಟಿದ್ದ, ಇನ್ನೊಂದು ಒಗೆಯುವಾಗ ಕಳೆದುಹೋಯಿತು ಎನ್ನುತ್ತಿದ್ದ. ವಾರವಿಡೀ ಬಿಚ್ಚಮ್ಮನನ್ನು ಕಂಡರೆ ಕಂಬದ ಹಿಂದೆ ಅಡಗುತ್ತಿದ್ದ. ಅಷ್ಟುದ್ದದವನಿಗೆ ಅದು ಸುಲಭದ ಕೆಲಸವಲ್ಲ. ಅಂದು ಗ್ಯಾರೇಜಿನ ಬಾಗಿಲಲ್ಲಿ ಸಿಕ್ಕಿಬಿದ್ದ.

"ಬಟ್ಟೆ ಒಗೆದು ಒಣಗಿಸಿದವನಿಗೆ ಬ್ಯಾಡ್ಜು ಎಲ್ಲಿ ಅಂತ ಗೊತ್ತಿಲ್ವಾ?" ಎಂದರು ಬಿಚ್ಚಮ್ಮ.

ಏಣಿ ನೆಲ ನೋಡಿದ. ಅವನಿಗೆ ಅದು ಬಹಳ ದೂರ. "ಕಳೆದಿಲ್ಲ ಅಕ್ಕ. ಅಮ್ಮನ ಚೀಲದ ಮೇಲಿದೆ. ಹೊಲಿದುಬಿಟ್ಟಿದಾರೆ."

"ಕೇಳಿ ತರಬಾರದಾ?"

"ಕೇಳಿದೆ. ಎರಡು ದಿನ ಮಾತಾಡಲಿಲ್ಲ. ನಿಮ್ಮ ಕೋಣೆ ಹೋಗತ್ತೆ ಅಂತ ನಂಗೆ ಗೊತ್ತು ಅಕ್ಕ, ಆದ್ರೆ ಅವರು ಅಮ್ಮ."

ಬಿಚ್ಚಮ್ಮ ಚೀಲ ಹೆಗಲಿಗೇರಿಸಿದರು.

ಏಣಿಯ ಮನೆ ಕಿರಿದಾದ ಮೆಟ್ಟಿಲ ಮೇಲಿನ ಎರಡು ಕೋಣೆ. ಬಾಗಿಲ ಚೌಕಟ್ಟಿನ ಮೇಲ್ಭಾಗಕ್ಕೆ ಹಳೆಯ ರಬ್ಬರ್ ಪೈಪಿನ ತುಂಡನ್ನು ಮೊಳೆ ಹೊಡೆದಿದ್ದರು, ಮಗನ ಹಣೆಗಾಗಿ. ಬಾಗಿಲ ಪಕ್ಕದ ತಗ್ಗಿನ ಮೊಳೆಗೆ ಚೀಲ ನೇತಾಡುತ್ತಿತ್ತು, ನಟ್ಟನಡುವೆ ದುಂಡು ಜ್ವಾಲೆ. ತಾಯಿ ಮಗನ ಮೊಣಕೈಗೂ ಬಾರದಷ್ಟು ಕುಳ್ಳಿ. ಬಂದವರು ಯಾರೆಂದು ತಿಳಿದ ಕೂಡಲೇ ಚೀಲದ ಮುಂದೆ ಬಂದು ನಿಂತರು.

ಬಿಚ್ಚಮ್ಮ ಮೊದಲು ಬ್ಯಾಡ್ಜಿನ ಮಾತೆತ್ತಲಿಲ್ಲ. ದುರ್ಬೀನು ಹಿಡಿದು ಬಗ್ಗಿ ಹೊಲಿಗೆ ನೋಡಿದರು.

"ಯಾರು ಹೊಲಿದಿದ್ದಮ್ಮ?"

"ಇನ್ಯಾರು, ನಾನೇ."

"ಡಬಲ್ ದಾರ."

"ಸಿಂಗಲ್ ದಾರದಲ್ಲಿ ಹೊಲಿಯೋಕೆ ಅದೇನು ಸೀರೆ ಅಂಚಾ?" ತಾಯಿಯ ಧ್ವನಿ ಸ್ವಲ್ಪ ಸಡಿಲವಾಯಿತು. "ಇದನ್ನ ನೋಡಿ ಬಸ್ಸಲ್ಲಿ ಎದ್ದು ಜಾಗ ಕೊಡ್ತಾರೆ ಗೊತ್ತಾ. ಅವನಪ್ಪ ಇದ್ದಾಗ ಹೇಳ್ತಿದ್ರು, ಈ ತೆಂಗಿನಮರಕ್ಕೆ ಯಾರು ಕೆಲಸ ಕೊಡ್ತಾರೆ, ಹೋದ ಕಡೆ ಎಲ್ಲ ಬಾಗಿಲಿಗೆ ತಲೆ ಹೊಡ್ಕೊಂಡು ಬರ್ತಾನೆ ಅಂತ. ಕೆಲಸ ಸಿಕ್ಕಿದ್ದು ನೋಡಕ್ಕೆ ಅವರೇ ಇರಲಿಲ್ಲ. ಈಗ ಹನ್ನೊಂದು ವರ್ಷ ಆಯ್ತು. ನಾನು ತೋರಿಸ್ಕೊಂಡು ಓಡಾಡಬಾರದಾ?"

"ಓಡಾಡಬೇಕು."

"ಮತ್ತೆ ಯಾಕೆ ಕೀಳಕ್ಕೆ ಬಂದಿದೀಯಾ?"

ಬಿಚ್ಚಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಳ್ಳನ ಕಥೆ, ಒಂಟಿ ಮುದುಕಿಯ ಕಥೆ, ಲಾರಿ, ಬೀಗ, ಫೋನ್ ಮೇಜು. ತಾಯಿ ಎಲ್ಲ ಕೇಳಿ, "ನಿನ್ನ ಕೋಣೆ ನಿನಗೆ ಹೆಚ್ಚು, ನನ್ನ ಚೀಲ ನನಗೆ ಹೆಚ್ಚು," ಎಂದರು. ಅದರಲ್ಲಿ ಸಿಟ್ಟಿರಲಿಲ್ಲ.

ಬಿಚ್ಚಮ್ಮ ದುರ್ಬೀನನ್ನು ಹಿಂದಕ್ಕೆ ಇಡಲು ಹೆಗಲ ಚೀಲ ತೆರೆದರು. ಅದರಲ್ಲಿ ಉಳಿದಿದ್ದ ಒಂದೇ ಜೇಬು ಹೊರಗೆ ಇಣುಕಿತು.

"ಅದೇನು?"

"ನಿಮ್ಮ ಮಗನ ಜೇಬು. ಹೊಂದಿಸಿ ನೋಡಕ್ಕೆ ತಂದಿದ್ದೆ."

ತಾಯಿ ಅದನ್ನು ಈಸಿಕೊಂಡು ಕಿಟಕಿಯ ಬಳಿ ಹೋದರು. ಬಟ್ಟೆಯೆಲ್ಲ ಬಿಸಿಲಿಗೆ ಮಾಸಿ, ಒಗೆದ ಆಕಾಶದ ಬಣ್ಣಕ್ಕೆ ತಿರುಗಿತ್ತು. ಬ್ಯಾಡ್ಜು ಇದ್ದ ಕಡೆ ಮಾತ್ರ ಅಂಗೈಯಗಲದ ಒಂದು ದುಂಡು, ಅಂಗಡಿಯಿಂದ ಬಂದ ದಿನದ ಕಡುನೀಲಿ.

"ಇಲ್ಲಿ ಯಾಕೆ ಹೀಗಿದೆ?"

"ಬ್ಯಾಡ್ಜಿನ ಕೆಳಗೆ ಬಿಸಿಲು ಬಿದ್ದಿಲ್ಲ. ಸುತ್ತ ಬಿದ್ದಿದೆ. ನಾಲ್ಕು ವರ್ಷದ್ದು."

ತಾಯಿ ಮಾಸಿದ ಜಾಗದ ಮೇಲೆ ಬೆರಳಾಡಿಸಿದರು. ಬಿಚ್ಚಮ್ಮ ಆ ದಿನ ಮೊದಲ ಬಾರಿಗೆ ಎದುರಿನವರ ಮುಖ ನೋಡಿದರೆಂದು ಕಾಣುತ್ತದೆ, ಏಕೆಂದರೆ ಅವರು ಸಾಮಾನ್ಯವಾಗಿ ಇಷ್ಟು ಮಾತಾಡುವವರಲ್ಲ.

"ಬ್ಯಾಡ್ಜು ಕಂಪನಿಯವರು ಯಾರಿಗೆ ಬೇಕಾದ್ರೂ ಕೊಡ್ತಾರಮ್ಮ, ದುಡ್ಡು ಕೊಟ್ರೆ ನೂರು ಹೊಲಿದು ಬರತ್ತೆ. ಇದನ್ನ ಯಾರೂ ಹೊಲಿಯಕ್ಕಾಗಲ್ಲ. ಇದಕ್ಕೆ ನಿಮ್ಮ ಮಗನೇ ಬಿಸಿಲಲ್ಲಿ ನಿಲ್ಲಬೇಕು."

ತಾಯಿ ಬಂದು ಜೇಬನ್ನು ಚೀಲದ ಮೇಲೆ ಹಿಡಿದು ನೋಡಿದರು.

"ಇದನ್ನ ಚೀಲದ ಮೇಲೆ ಹಚ್ಚಿ ಕೊಡ್ತೀಯಾ?"

"ಚೀಲಾನೇ ಅವನ ಅಂಗಿಯಲ್ಲಿ ಹೊಲಿದುಕೊಡ್ತೀನಿ. ಹೇಗಿದ್ರೂ ನೀವೇ ಎಲ್ಲಾ ಬಿಚ್ಚಿ ಕಳಿಸಿದೀರಲ್ಲ, ಕತ್ತರಿಸೋ ಕೆಲಸಾನೂ ಇಲ್ಲ."

"ಬಸ್ಸಲ್ಲಿ ಜಾಗ ಕೊಡ್ತಾರಾ ಮತ್ತೆ?"

"ಅದು ನಿಮ್ಮ ವಯಸ್ಸಿಗೆ ಕೊಡೋದಮ್ಮ."

"ನಂಗೇನು ವಯಸ್ಸಾಗಿರೋದು?" ಎಂದರು ತಾಯಿ. ಆದರೆ ಚೀಲ ಮೊಳೆಯಿಂದ ಕೆಳಗಿಳಿಯಿತು.

ಬಿಚ್ಚಮ್ಮ ಬ್ಲೇಡು ತೆಗೆದರು. ತಾಯಿ ಅದನ್ನು ಅವರ ಕೈಯಿಂದ ತೆಗೆದುಕೊಂಡರು. "ಹೊಲಿದವಳು ನಾನು. ಬಿಚ್ಚೋಳೂ ನಾನೇ."

ಒಂದು ಬ್ಯಾಡ್ಜನ್ನು ನಲವತ್ತು ಉಸಿರಿನಲ್ಲಿ ಬಿಡಿಸುವ ವೀರರಾಣಿ, ತೊಡೆಯ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಕುಳಿತಿದ್ದರು. ತಾಯಿ ಒಂದೊಂದೇ ಹೊಲಿಗೆಯನ್ನು ಎಬ್ಬಿಸಿ, ದಾರವನ್ನು ಬೆರಳಿಗೆ ಸುತ್ತಿಕೊಂಡು, ನಡುನಡುವೆ ಮಗನ ಬಾಲ್ಯದ ಹಣೆಪೆಟ್ಟುಗಳ ಪಟ್ಟಿ ಒಪ್ಪಿಸಿದರು. "ಹೀಗಲ್ಲಮ್ಮ, ಈ ಕಡೆಯಿಂದ" ಎನ್ನಲು ಬಿಚ್ಚಮ್ಮನ ತುಟಿ ಹನ್ನೆರಡು ಸಲ ಅಲುಗಿರಬೇಕು. ಒಂದು ಸಲವೂ ಅನ್ನಲಿಲ್ಲ. ನಮ್ಮ ಮಟ್ಟಿಗೆ ಅವರ ಸಾಹಸಗಳಲ್ಲಿ ಇದೇ ದೊಡ್ಡದು.

ಬುಧವಾರ ಬೆಳಿಗ್ಗೆ ಲಾರಿ ಅಂಗಳದಲ್ಲಿ ಗುರುಗುಟ್ಟುತ್ತಿತ್ತು. ನಿಯಮ ಹದಿನಾಲ್ಕು ಮೇಜಿನ ಮೇಲೆ ಬ್ಯಾಡ್ಜುಗಳನ್ನು ಹತ್ತರ ಸಾಲಿನಂತೆ ತಾವೇ ಜೋಡಿಸಿದರು. ಹನ್ನೆರಡು ಸಾಲು ತುಂಬಿ, ಹದಿಮೂರನೆಯದರಲ್ಲಿ ಎಂಟು. ಬೊಂಬೆಯ ತಟ್ಟೆಗಳನ್ನು ಸೇರಿಸಿ ಒಂದೆಂದು ಲೆಕ್ಕ ಹಿಡಿಯಲು ದುರ್ಬೀನು ಬೇಕಾಯಿತು. ಇನ್ನೊಮ್ಮೆ ಎಣಿಸಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು.

ಆಗಲೇ ಅವರ ಕಣ್ಣಿಗೆ ಏಣಿಯ ತಾಯಿಗೆಂದು ಹೊಲಿದಿಟ್ಟಿದ್ದ ಚೀಲ ಬಿತ್ತು. ಮಾಸಿದ ನೀಲಿಯ ನಡುವೆ ಕಡುನೀಲಿ ದುಂಡು.

"ಇದು ಕಂಪನಿಯ ಗುರುತಲ್ವಾ?"

ನಿಯಮ ಹದಿನಾಲ್ಕು ಚೀಲವನ್ನು ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು, ದುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. "ದಾರ ಇಲ್ಲ. ಅಕ್ಷರ ಇಲ್ಲ. ಬಿಸಿಲು ಬೀಳದ ಜಾಗದ ಬಗ್ಗೆ ನಿಯಮದಲ್ಲಿ ಏನೂ ಹೇಳಿಲ್ಲ," ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ನಮ್ಮಮ್ಮನಿಗೂ ಒಂದು ಹೊಲಿದುಕೊಡ್ತೀರಾ? ಈ ಕಂಪನಿಗೆ ಸೇರಿದ ಮೊದಲ ಎರಡು ವರ್ಷ, ಬೇರೆ ಊರಲ್ಲಿ, ನಾನೂ ಮೀಟರ್ ನೋಡ್ತಿದ್ದೆ. ಆ ಶರ್ಟು ಇನ್ನೂ ಇದೆ," ಎಂದರು. ನಿಯಮ ಹದಿನಾಲ್ಕನ್ನು ಸ್ವತಃ ಅವರೇ ಇಷ್ಟು ವರ್ಷ ಮುರಿದಿದ್ದರು ಎಂಬುದನ್ನು ಗಮನಿಸಿಯೂ ನಾವು ಗಮನಿಸಲಿಲ್ಲ.

ಲಾರಿಗೆ ಹೋದದ್ದು ತುಂಡು ಮಾಡಿದ ಬ್ಯಾಡ್ಜುಗಳ ಒಂದು ಡಬ್ಬ, ಯಾವ ಉಪಯೋಗಕ್ಕೂ ಒದಗದ ಹೊಳೆಯುವ ಪಟ್ಟಿಗಳ ಒಂದು ಮೂಟೆ. ಚಾಲಕ ಖಾಲಿ ಹಿಂಬದಿಯನ್ನು ನೋಡಿ, "ಇಷ್ಟಕ್ಕೆ ನನ್ನ ಸೈಕಲ್ ಸಾಕಿತ್ತಲ್ಲ ಸ್ವಾಮಿ," ಎಂದು ಗೊಣಗಿಕೊಂಡು ಹೊರಟ. ಪ್ಯಾಂಟುಗಳು ಡಿಪೋಗೆ ಹೋದವು. ಅಂಗಿಗಳು, ಬಿಡಿಸುವ ತಾಪತ್ರಯವಿಲ್ಲದೆ, ಸೀದಾ ಹೊಲಿಗೆ ಹೆಂಗಸರ ಕೈಗೆ. ಚೀಲ ಬೇಕೆಂದು ಹೆಸರು ಬರೆಸಿದ ತಾಯಂದಿರು ಆಗಲೇ ಮೂವತ್ತೊಂದು ಮಂದಿ.

ಸಂಜೆ ಎಲ್ಲರೂ ಸ್ಟೋರ್ ಕೋಣೆಯ ಮುಂದೆ ಟೀ ಹಿಡಿದು ನಿಂತಿದ್ದೆವು. ನಿಯಮ ಹದಿನಾಲ್ಕು ಗಂಟಲು ಸರಿಮಾಡಿಕೊಂಡು ಸಣ್ಣ ಭಾಷಣವನ್ನೇ ಮಾಡಿದರು. ಅರವತ್ತನಾಲ್ಕು ಮನೆ, ನೂರ ಇಪ್ಪತ್ತೆಂಟು ಬ್ಯಾಡ್ಜು, ಒಂಬತ್ತು ದಿನ. ಇದನ್ನು ಮುಖ್ಯ ಕಚೇರಿಗೆ ಬರೆಯುತ್ತೇನೆ, ಬೇರೆ ಊರಿನವರೂ ಕಲಿಯಲಿ ಎಂದರು. ಜೇಬಿನಿಂದ ಪುಸ್ತಕ ತೆಗೆದು, ಪೆನ್ನಿನ ಕ್ಯಾಪು ತೆರೆದು, ಬಿಚ್ಚಮ್ಮನ ಕಡೆ ಭಕ್ತಿಯಿಂದ ಬಗ್ಗಿದರು.

"ಹೇಳಿ ಅಮ್ಮ, ಇದರ ಹಿಂದಿನ ನಿಮ್ಮ ಯೋಜನೆ ಏನು?"

ನಾವೆಲ್ಲ ಕಿವಿ ನಿಮಿರಿಸಿದೆವು. ಬಿಚ್ಚಮ್ಮ ಪೆನ್ನು ಸಿಕ್ಕಿಸಿದ್ದ ಜೇಬನ್ನು ನೋಡುತ್ತಾ ಟೀ ಲೋಟ ಕೆಳಗಿಟ್ಟರು.

"ಮಧ್ಯಾಹ್ನ ಊಟದ ಹೊತ್ತಿಗೆ ಹೋಗ್ತಿದ್ದೆ ಸಾರ್," ಎಂದರು. "ಆಗ ಮನೇಲಿ ಯಾರಾದ್ರೂ ಇದ್ದೇ ಇರ್ತಾರೆ. ಊಟಾನೂ ಆಗತ್ತೆ."